ಹುರಿದ ಗೆಡ್ಡೆಗಳಿಂದ ಕೆನೆಯಂಥ ಸೂಪ್

ಕ್ಯಾರೆಟ್, ಗೆಣಸು, ಬೀಟ್‌ರೂಟ್‌ಗಳಂಥ ತರಕಾರಿಗಳಿಂದ ಸೂಪ್ ಮಾಡುವಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮವೆಂದರೆ ಎಲ್ಲವನ್ನೂ ಹೆಚ್ಚಿ ಕುಕ್ಕರಿಗೆ ಹಾಕಿ, ಮೂರು ಸೀಟಿ ಕೂಗಿಸಿ, ಮಿಕ್ಸಿಯಲ್ಲಿ ತಿರುವಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸುವುದು. ಹೊಟ್ಟೆಗೆ ಹಿತವಾದ ಪದಾರ್ಥವೇ ಹೌದು. ಆದರೆ ಅದರ ರುಚಿ ಪಥ್ಯದ ಊಟದ ಮಟ್ಟವನ್ನು ದಾಟುವುದು ಕಡಿಮೆ. ಆ ಸಪ್ಪೆತನವನ್ನು ಮುಚ್ಚುವುದಕ್ಕೆಂದು ಕೊನೆಯಲ್ಲಿ ಕ್ರೀಮ್, ಬೆಣ್ಣೆ, ಕಾರ್ನ್‌ಫ್ಲೋರ್, ಅಂಗಡಿಯ ಸೂಪ್ ಕ್ಯೂಬ್ ಎಂದು ಒಂದೊಂದನ್ನೇ ಸೇರಿಸುತ್ತ ಹೋಗುತ್ತೇವೆ. ಅದೇ ತರಕಾರಿಗಳನ್ನು ನೀರು ಸೋಕಿಸದೆ ಮೊದಲು ಒಣ ಬಿಸಿಯಲ್ಲಿ ಚೆನ್ನಾಗಿ ಹುರಿದುಕೊಂಡರೆ ಈ ಸೇರ್ಪಡೆಗಳಲ್ಲಿ ಹೆಚ್ಚಿನವು ಬೇಕಾಗುವುದೇ ಇಲ್ಲ. ಸೂಪಿನ ಗಟ್ಟಿತನವೂ ನುಣುಪೂ ಗೆಡ್ಡೆಯ ಒಳಗೇ ಇರುವ ಪಿಷ್ಟ ಮತ್ತು ಪೆಕ್ಟಿನ್ ಎಂಬ ಅಂಟು ಪದಾರ್ಥದಿಂದ ಬರುತ್ತವೆ, ರುಚಿ ಹುರಿದ ಅಂಚುಗಳಿಂದ ಬರುತ್ತದೆ, ಕ್ರೀಮಿಗೆ ಉಳಿಯುವುದು ಎರಡು ಚಮಚದಷ್ಟು ಕೆಲಸ ಮಾತ್ರ.

ಇದಕ್ಕೆ ಕಾರಣ ಸರಳವಾಗಿದೆ. ನೀರಿನಲ್ಲಿ ಬೇಯುವ ತರಕಾರಿ ನೀರಿನ ಕುದಿಬಿಂದುವಿಗಿಂತ ಹೆಚ್ಚು ಬಿಸಿಯಾಗಲಾರದು. ಆ ಕುದಿಬಿಂದು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97ರ ಆಸುಪಾಸು. ಪ್ರೆಷರ್ ಕುಕ್ಕರಿನ ಒಳಗೂ 120ರ ಸುಮಾರಿಗೆ ನಿಂತುಬಿಡುತ್ತದೆ. ಸಕ್ಕರೆ ಮತ್ತು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣವನ್ನೂ ಘಮವನ್ನೂ ಹುಟ್ಟಿಸುವ ಕ್ರಿಯೆ ಬಿರುಸಾಗಿ ನಡೆಯುವುದು 140 ಡಿಗ್ರಿಯ ಮೇಲೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವರ ಹೆಸರೇ ನಿಂತಿದೆ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿ ಬೀಜ, ಕಾವಲಿಯ ಮೇಲಿನ ದೋಸೆಯ ಕೆಂಪು, ಇವೆಲ್ಲದರ ಹಿಂದೆಯೂ ಇರುವುದು ಇದೇ. ತರಕಾರಿಯ ಮೇಲ್ಮೈಯಲ್ಲಿ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿಯನ್ನು ದಾಟದು. ನೀರು ಆರಿದ ಮೇಲಷ್ಟೇ ಬಣ್ಣ ಹಿಡಿಯಲು ತೊಡಗುತ್ತದೆ. ಆದ್ದರಿಂದ ಹುರಿಯುವ ಹಂತದಲ್ಲಿ ನಾವು ಮಾಡಬೇಕಾದದ್ದೆಲ್ಲ ಒಂದೇ ಒಂದು ಉದ್ದೇಶಕ್ಕಾಗಿ, ತರಕಾರಿಯಿಂದ ಹೊರಬರುವ ಹಬೆ ಎಲ್ಲೂ ನಿಲ್ಲದೆ ಬೇಗನೆ ತೊಲಗುವಂತೆ ನೋಡಿಕೊಳ್ಳುವುದಕ್ಕಾಗಿ.

ಯಾವ ಗೆಡ್ಡೆ, ಎಷ್ಟು

ನಾಲ್ಕು ಜನರಿಗೆ ಸಾಕಾಗುವಷ್ಟು ಸೂಪಿಗೆ 400 ಗ್ರಾಂ ಕ್ಯಾರೆಟ್, 250 ಗ್ರಾಂ ಗೆಣಸು, ಸಾಧಾರಣ ಗಾತ್ರದ ಎರಡು ಈರುಳ್ಳಿ, ಒಂದು ಸಣ್ಣ ಟರ್ನಿಪ್ ಅಥವಾ ಅರ್ಧ ಮೂಲಂಗಿ, ಸಿಪ್ಪೆ ತೆಗೆಯದ ಎಂಟು ಎಸಳು ಬೆಳ್ಳುಳ್ಳಿ ಇರಲಿ. ಇದರ ಜೊತೆಗೆ ಮೂರು ದೊಡ್ಡ ಚಮಚ ಎಣ್ಣೆ, ಸುಮಾರು 800 ಮಿಲಿಲೀಟರ್ ನೀರು ಅಥವಾ ತರಕಾರಿ ಬೇಯಿಸಿದ ಕಟ್ಟು, ಉಪ್ಪು, ಕಾಳುಮೆಣಸು, ಅರ್ಧ ನಿಂಬೆಹಣ್ಣು ಮತ್ತು ಕೊನೆಯಲ್ಲಿ ಬೆರೆಸಲು ಎರಡು ಮೂರು ದೊಡ್ಡ ಚಮಚ ಕ್ರೀಮ್ ಬೇಕಾಗುತ್ತದೆ. ಹುರಿದಾಗ ತರಕಾರಿಯ ತೂಕ ನೀರು ಆರಿ ಕಾಲು ಭಾಗಕ್ಕೂ ಹೆಚ್ಚು ಇಳಿಯುವುದರಿಂದ, ತಟ್ಟೆಯ ತುಂಬ ಕಂಡದ್ದು ಓವನ್‌ನಿಂದ ಹೊರಬರುವಾಗ ಸಾಲದೇನೋ ಎಂಬಂತೆ ಕುಗ್ಗಿರುತ್ತದೆ. ಅದು ಸರಿಯಾದ ಲಕ್ಷಣ.

ಈ ಅಳತೆಯಲ್ಲಿ ಕ್ಯಾರೆಟ್ ರುಚಿಗೆ, ಗೆಣಸು ಗಟ್ಟಿತನಕ್ಕೆ. ಕ್ಯಾರೆಟ್ಟಿನಲ್ಲಿ ಪಿಷ್ಟ ಬಹಳ ಕಡಿಮೆ. ಕೇವಲ ಕ್ಯಾರೆಟ್ಟಿನಿಂದ ಮಾಡಿದ ಸೂಪನ್ನು ಬಟ್ಟಲಿಗೆ ಸುರಿದು ಎರಡು ನಿಮಿಷ ಬಿಟ್ಟರೆ ತಿರುಳು ನಡುವೆ ನಿಂತು, ಅಂಚಿನ ಸುತ್ತ ತೆಳ್ಳಗಿನ ನೀರಿನ ಉಂಗುರ ಕಾಣಿಸಿಕೊಳ್ಳುತ್ತದೆ. ಗೆಣಸಿನ ಪಿಷ್ಟ ಆ ನೀರನ್ನು ಹಿಡಿದಿಡುತ್ತದೆ. ಗೆಣಸಿನಲ್ಲಿ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯಾಗಿಸುವ ಕಿಣ್ವವೊಂದಿದ್ದು, ಅದು ಗೆಡ್ಡೆಯ ಒಳಭಾಗ ಸುಮಾರು 60ರಿಂದ 75 ಡಿಗ್ರಿಯ ನಡುವೆ ಇರುವಾಗ ಚುರುಕಾಗಿ ಕೆಲಸ ಮಾಡುತ್ತದೆ. ಬಚ್ಚಲೊಲೆಯ ಬೂದಿಯಲ್ಲಿ ಹುದುಗಿಸಿಟ್ಟ ಗೆಣಸು ಕುಕ್ಕರಿನಲ್ಲಿ ಬೆಂದ ಗೆಣಸಿಗಿಂತ ಸಿಹಿಯಾಗಿರುವುದು ಇದೇ ಕಾರಣಕ್ಕೆ: ಬೂದಿಯಲ್ಲಿ ಅದು ನಿಧಾನವಾಗಿ ಕಾಯುತ್ತದೆ, ಕಿಣ್ವಕ್ಕೆ ಸಮಯ ಸಿಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಕಬ್ಬು, ಅವರೆಕಾಯಿಗಳ ಪಕ್ಕದಲ್ಲೇ ರಾಶಿ ಬೀಳುವ ಗೆಣಸು ಇದಕ್ಕೆ ಬಲು ಚೆನ್ನ. ತಿರುಳು ಬಿಳಿಯಾಗಿರಲಿ, ಕಿತ್ತಳೆಯಾಗಿರಲಿ ಸೂಪಿಗೆ ಒಗ್ಗುತ್ತದೆ. ಆದರೆ ನಾರು ಬಲಿತ ದಪ್ಪ ಗೆಣಸನ್ನು ಬಿಟ್ಟು, ಹಿಡಿಯಷ್ಟು ದಪ್ಪಗಿನ, ಹುಳುಕಿಲ್ಲದ ಗೆಣಸನ್ನು ಆರಿಸಿಕೊಳ್ಳಬೇಕು.

ಕ್ಯಾರೆಟ್ಟಿನಲ್ಲಿ ಊಟಿಯದು ಹುರಿಯಲು ಅನುಕೂಲ. ಚಳಿಗಾಲದಲ್ಲಿ ಬರುವ ಕೆಂಪು ಗಜ್ಜರಿಯಲ್ಲಿ ಸಿಹಿ ಹೆಚ್ಚಾದರೂ ನೀರೂ ಹೆಚ್ಚು, ಬಣ್ಣ ಹಿಡಿಯಲು ಇನ್ನಷ್ಟು ಹೊತ್ತು ಬೇಕು. ಮೂಲಂಗಿಯ ಖಾರ ಬಿಸಿಗೆ ಇಳಿದುಹೋಗುತ್ತದೆ, ಆದರೆ ಒಂದು ಬಗೆಯ ಸಣ್ಣ ಕಟುತ್ವ ಉಳಿದು ಸೂಪಿನ ಸಿಹಿಯನ್ನು ತಡೆಯುತ್ತದೆ. ಇದಕ್ಕಾಗಿಯೇ ಅದನ್ನು ಸ್ವಲ್ಪ ಸೇರಿಸುವುದು, ಹೆಚ್ಚು ಹಾಕಿದರೆ ವಾಸನೆ ಮೇಲುಗೈ ಪಡೆಯುತ್ತದೆ. ಆಲೂಗಡ್ಡೆಯನ್ನು ನಾನು ಈ ಸೂಪಿಗೆ ಹಾಕುವುದಿಲ್ಲ. ಮಿಕ್ಸಿಯ ಬ್ಲೇಡಿಗೆ ಸಿಕ್ಕ ಆಲೂಗಡ್ಡೆಯ ಜೀವಕೋಶಗಳು ಒಡೆದು ಪಿಷ್ಟ ಹೊರಬಿದ್ದು, ಸೂಪ್ ಗೋಂದಿನಂತೆ ಅಂಟಂಟಾಗುತ್ತದೆ. ಹಾಕಲೇಬೇಕೆಂದರೆ ಬೇರೆಯಾಗಿ ಬೇಯಿಸಿ, ಕೈಯಿಂದ ಮಸೆದು, ಕೊನೆಯಲ್ಲಿ ಬೆರೆಸಬೇಕು.

ಬೀಟ್‌ರೂಟ್ ಒಂದು ಪ್ರತ್ಯೇಕ ಸೂಪಿಗೇ ಯೋಗ್ಯವಾದದ್ದು, ಏಕೆಂದರೆ ಇತರ ಗೆಡ್ಡೆಗಳ ಜೊತೆ ಒಂದು ತುಂಡು ಸೇರಿದರೂ ಸಾಕು, ಬಣ್ಣವೆಲ್ಲ ಅದರದೇ ಆಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೇ ಬೀಟ್‌ರೂಟಿನ ಮಣ್ಣುವಾಸನೆಗೂ ಕಾರಣ. ಹುಳಿ ತಗುಲಿದರೆ ಆ ವಾಸನೆ ಕುಗ್ಗುತ್ತದೆ, ಕೆಂಪು ಬಣ್ಣವೂ ಉಳಿಯುತ್ತದೆ. ಹೀಗಾಗಿ ಬೀಟ್‌ರೂಟ್ ಸೂಪಿಗೆ ನಿಂಬೆರಸ ಐಚ್ಛಿಕವಲ್ಲ. ಅದನ್ನು ಹೆಚ್ಚದೆ, ಸಿಪ್ಪೆ ಸಮೇತ ಫಾಯಿಲ್‌ನಲ್ಲಿ ಸುತ್ತಿ 200 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಚಾಕು ಸಲೀಸಾಗಿ ಇಳಿಯುವಷ್ಟು ಮೆತ್ತಗಾಗುತ್ತದೆ. ಬಿಸಿ ಆರಿದ ಮೇಲೆ ಸಿಪ್ಪೆ ಬೆರಳಿನ ಒತ್ತಿಗೇ ಜಾರಿ ಬರುತ್ತದೆ.

ನಮ್ಮ ಕಡೆಯ ಎಲ್ಲ ಗೆಡ್ಡೆಗಳೂ ಈ ವಿಧಾನಕ್ಕೆ ಸಲ್ಲುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸುವರ್ಣಗೆಡ್ಡೆ ಮತ್ತು ಕೆಸುವಿನ ಗೆಡ್ಡೆಗಳಲ್ಲಿ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಬಾಯಿ ಮತ್ತು ಗಂಟಲಿನ ತುರಿಕೆ ಅವುಗಳಿಂದಲೇ ಬರುವುದು. ಹುಣಸೆಹುಳಿಯಲ್ಲಿ ಪೂರ್ತಿ ಬೇಯಿಸುವ ನಮ್ಮ ಹಳೆಯ ಕ್ರಮವೇ ಅವಕ್ಕೆ ಸರಿ, ಬರೀ ಹುರಿದು ಸೂಪ್ ಮಾಡುವುದು ಬೇಡ. ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿರುವುದರಿಂದ ಅದನ್ನು ಸಿಪ್ಪೆ ತೆಗೆದು, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಯೇ ಬಳಸಬೇಕು. ಹಸಿಯದನ್ನು ನೇರವಾಗಿ ತಟ್ಟೆಗೆ ಹಾಕಿ ಹುರಿಯಲೇಬಾರದು.

ಹೆಚ್ಚುವುದು, ಹುರಿಯುವುದು

ಗೆಡ್ಡೆಗಳನ್ನು ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಹೆರೆದು, ಒಂದು ಇಂಚಿನ ತುಂಡುಗಳಾಗಿ ಹೆಚ್ಚಬೇಕು. ಕ್ಯಾರೆಟ್ ಗೆಣಸಿಗಿಂತ ನಿಧಾನವಾಗಿ ಮೆತ್ತಗಾಗುವುದರಿಂದ ಅದರ ತುಂಡುಗಳು ಮುಕ್ಕಾಲು ಇಂಚಿನಷ್ಟಿದ್ದರೆ ಎರಡೂ ಒಟ್ಟಿಗೆ ಸಿದ್ಧವಾಗುತ್ತವೆ. ತೀರ ಸಣ್ಣಗೆ ಹೆಚ್ಚಿದರೆ ಒಳಗೆ ಬೇಯುವ ಮೊದಲೇ ಒಣಗಿ ಸುರುಟಿಕೊಳ್ಳುತ್ತವೆ. ಈರುಳ್ಳಿಯನ್ನು ಬುಡ ಕೀಳದೆ ನಾಲ್ಕು ಹೋಳು ಮಾಡಿದರೆ ಪದರಗಳು ಬಿಡಿಬಿಡಿಯಾಗಿ ಹೊತ್ತಿಹೋಗುವುದಿಲ್ಲ. ಹೆಚ್ಚಿದ ಮೇಲೆ ಎಲ್ಲವನ್ನೂ ಒಂದು ಒಣ ಬಟ್ಟೆಯ ಮೇಲೆ ಹರಡಿ ತೇವ ಒರೆಸುವುದು ಅಗತ್ಯ. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ಬಣ್ಣ ಬರಲಿಲ್ಲವೆಂಬ ದೂರಿನ ಮೂಲವೂ ಬಹುಪಾಲು ಇಲ್ಲೇ ಇರುತ್ತದೆ.

ಹೆರೆದ ಸಿಪ್ಪೆಗಳನ್ನು ಎಸೆಯಬೇಕಾಗಿಲ್ಲ. ಚೆನ್ನಾಗಿ ತೊಳೆದ ಕ್ಯಾರೆಟ್ ಸಿಪ್ಪೆ ಮತ್ತು ತುದಿಗಳು, ಕೊತ್ತಂಬರಿ ಸೊಪ್ಪಿನ ದಂಟು, ಅರ್ಧ ಈರುಳ್ಳಿ, ಏಳೆಂಟು ಕಾಳುಮೆಣಸು, ಇವನ್ನು ಒಂದು ಲೀಟರ್ ನೀರಿಗೆ ಹಾಕಿ, ತರಕಾರಿ ಓವನ್‌ನಲ್ಲಿರುವ ಹೊತ್ತಿಗೆ ಪಕ್ಕದ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ ಸೋಸಿಕೊಂಡರೆ ಸೂಪಿಗೆ ಬೇಕಾದ ಕಟ್ಟು ದೊರೆಯುತ್ತದೆ. ಕೋಸು, ಹೂಕೋಸುಗಳ ಎಲೆಯನ್ನು ಇದಕ್ಕೆ ಹಾಕಿದರೆ ಗಂಧಕದ ವಾಸನೆ ಬರುತ್ತದೆ, ಹಾಕಬಾರದು.

ತುಂಡುಗಳಿಗೆ ಎಣ್ಣೆ ಮತ್ತು ಮುಕ್ಕಾಲು ಚಿಕ್ಕ ಚಮಚ ಉಪ್ಪು ಹಾಕಿ, ಪ್ರತಿಯೊಂದರ ಮೈಗೂ ಎಣ್ಣೆ ಹತ್ತುವಂತೆ ಕೈಯಿಂದಲೇ ಕಲಸಬೇಕು. ಎಣ್ಣೆ ಇಲ್ಲಿ ರುಚಿಗಿಂತ ಮುಖ್ಯವಾಗಿ ತಟ್ಟೆಯ ಬಿಸಿಯನ್ನು ತುಂಡಿನ ಮೈಗೆ ಒಂದೇ ಸಮನಾಗಿ ತಲುಪಿಸುವ ಕೆಲಸ ಮಾಡುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ತುಪ್ಪ ಯಾವುದಾದರೂ ಆದೀತು. ಬೆಣ್ಣೆ ಆಗದು, ಅದರಲ್ಲಿರುವ ಹಾಲಿನ ಅಂಶ ಈ ಬಿಸಿಗೆ ಸೀದು ಕಹಿಯಾಗುತ್ತದೆ. ಉಪ್ಪು ಹಾಕಿದ ಮೇಲೆ ತುಂಡುಗಳನ್ನು ಇಟ್ಟುಕೊಂಡು ಕೂರಬಾರದು. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಒರೆಸಿದ ಶ್ರಮ ವ್ಯರ್ಥವಾಗುತ್ತದೆ.

ಒಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ವಿದ್ಯುತ್ ಓವನ್) ಇದ್ದವರು ಮೇಲಿನ ಮತ್ತು ಕೆಳಗಿನ ಎರಡೂ ರಾಡ್‌ಗಳನ್ನು ಹಾಕಿ 210 ಡಿಗ್ರಿಗೆ, ಕನಿಷ್ಠ ಹದಿನೈದು ನಿಮಿಷ ಮೊದಲೇ ಕಾಯಿಸಬೇಕು, ಖಾಲಿ ತಟ್ಟೆಯನ್ನು ಒಳಗಿಟ್ಟೇ ಕಾಯಿಸಿದರೆ ಇನ್ನೂ ಒಳ್ಳೆಯದು. ಕಾದ ತಟ್ಟೆಯ ಮೇಲೆ ತುಂಡುಗಳನ್ನು ಹಾಕುತ್ತಿದ್ದಂತೆ ಚುರ್ ಎಂಬ ಸದ್ದು ಕೇಳಿಸಬೇಕು. ತುಂಡುಗಳು ಒಂದೇ ಪದರದಲ್ಲಿರಬೇಕು, ಒಂದಕ್ಕೊಂದು ಅಂಟಿಕೊಂಡಿರಬಾರದು, ನಡುನಡುವೆ ತಟ್ಟೆಯ ತಳ ಕಾಣಿಸುತ್ತಿರಬೇಕು. ಮನೆಯ ಒಟಿಜಿಗಳ ತಟ್ಟೆ ಚಿಕ್ಕದಾದ್ದರಿಂದ ಮೇಲಿನ ಅಳತೆಯನ್ನು ಎರಡು ಸರದಿಯಲ್ಲಿ ಹುರಿಯಬೇಕಾದೀತು. ಬೇಸರವೆನಿಸಿದರೂ ಹಾಗೆಯೇ ಮಾಡುವುದು ಒಳಿತು. ಒತ್ತೊತ್ತಾಗಿ ತುಂಬಿದ ತಟ್ಟೆಯಲ್ಲಿ ಒಂದರ ಹಬೆ ಇನ್ನೊಂದಕ್ಕೆ ತಗುಲಿ, ಓವನ್ ಕುಕ್ಕರಿನ ಕೆಲಸ ಮಾಡುತ್ತದೆ, ಅದಕ್ಕೆ ಇಷ್ಟು ವಿದ್ಯುತ್ ಸುಡಬೇಕಾಗಿರಲಿಲ್ಲ. ಕನ್ವೆಕ್ಷನ್ ಇರುವ ಮೈಕ್ರೋವೇವ್ ಓವನ್‌ನಲ್ಲಿ ಕನ್ವೆಕ್ಷನ್ ಮಾತ್ರ ಬಳಸಬೇಕು, ಮೈಕ್ರೋವೇವ್ ಜೊತೆ ಸೇರಿಸಬಾರದು. ಏರ್ ಫ್ರೈಯರ್‌ನಲ್ಲಾದರೆ 190 ಡಿಗ್ರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು, ಎರಡು ಬಾರಿ ಬುಟ್ಟಿಯನ್ನು ಕುಲುಕಬೇಕು.

ಮೊದಲ ಇಪ್ಪತ್ತು ನಿಮಿಷ ಓವನ್ನಿನ ಬಾಗಿಲನ್ನು ತೆರೆಯದಿರುವುದೇ ಲೇಸು. ಆಮೇಲೆ ತಟ್ಟೆಯನ್ನು ಹೊರತೆಗೆದು ನೋಡಿದರೆ ತುಂಡುಗಳ ಕೆಳಮೈ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಮೇಲ್ಮೈ ಇನ್ನೂ ಹಸಿಯಾಗಿಯೇ ಹೊಳೆಯುತ್ತಿರುತ್ತದೆ. ಚಪ್ಪಟೆ ಸೌಟಿನಿಂದ ಮಗುಚಿ ಹಾಕಿ, ಬೆಳ್ಳುಳ್ಳಿ ಎಸಳುಗಳನ್ನು ಈಗ ಸಿಪ್ಪೆ ಸಮೇತ ಸೇರಿಸಿ ಮತ್ತೆ ಒಳಗಿಡಬೇಕು. ಸಿಪ್ಪೆ ಇದ್ದರೆ ಬೆಳ್ಳುಳ್ಳಿ ತನ್ನ ಹಬೆಯಲ್ಲೇ ಬೆಂದು ಬೆಣ್ಣೆಯಷ್ಟು ಮೆದುವಾಗುತ್ತದೆ, ಇಲ್ಲದಿದ್ದರೆ ಹೊತ್ತಿ ಕಹಿಯಾಗುತ್ತದೆ. ಇನ್ನು ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಕ್ಯಾರೆಟ್ಟಿನ ಅಂಚುಗಳು ಗಾಢ ಕಂದಾಗಿ ಸ್ವಲ್ಪ ಒಳಕ್ಕೆ ಸುಕ್ಕಿರುತ್ತವೆ. ಗೆಣಸಿನ ತುಂಡುಗಳ ಬುಡದಲ್ಲಿ ಪಾಕದಂಥ ರಸ ಒಸರಿ ತಟ್ಟೆಗೆ ಅಂಟಿ ಗುಳ್ಳೆಯೇಳುತ್ತಿರುತ್ತದೆ. ಈರುಳ್ಳಿಯ ಹೊರ ಎಸಳುಗಳ ತುದಿ ಒಂದೆರಡು ಕಡೆ ಕಪ್ಪಾಗಿರುತ್ತದೆ. ಅಷ್ಟು ಕಪ್ಪು ನಡೆಯುತ್ತದೆ. ತುಂಡು ಪೂರ್ತಿ ಕಪ್ಪಾಗಿ ಒಣಗಿದ್ದರೆ ಅದನ್ನು ಆರಿಸಿ ಎಸೆಯಬೇಕು, ಒಂದೇ ಸೀದ ತುಂಡು ಇಡೀ ಸೂಪಿಗೆ ಕಹಿ ಕೊಡಬಲ್ಲದು. ಓವನ್ನಿನ ಗುಂಡಿಯಲ್ಲಿ ಬರೆದ ಉಷ್ಣಾಂಶ ಒಳಗಿನದಕ್ಕೆ ಸರಿಹೊಂದುವುದು ಅಪರೂಪವಾದ್ದರಿಂದ ಗಡಿಯಾರಕ್ಕಿಂತ ಬಣ್ಣವನ್ನೂ, ಚಾಕುವಿನ ತುದಿ ತುಂಡಿನೊಳಕ್ಕೆ ಇಳಿಯುವ ಬಗೆಯನ್ನೂ ನೆಚ್ಚುವುದು ಮೇಲು.

ತಟ್ಟೆಯ ತಳಕ್ಕೆ ಹತ್ತಿಕೊಂಡ ಆ ಕಂದು ಪದರವನ್ನು ಸಿಂಕಿಗೆ ಹಾಕಿ ತೊಳೆದುಬಿಡುವುದು ದೊಡ್ಡ ನಷ್ಟ. ತರಕಾರಿಯನ್ನು ತೆಗೆದ ಕೂಡಲೇ, ತಟ್ಟೆ ಬಿಸಿಯಾಗಿರುವಾಗಲೇ ಒಂದು ಲೋಟ ಕುದಿಯುವ ಕಟ್ಟನ್ನು ಸುರಿದು, ಮರದ ಸೌಟಿನಿಂದ ಮೆಲ್ಲಗೆ ಉಜ್ಜಿದರೆ ಅದೆಲ್ಲ ಕರಗಿ ಕಾಫಿ ಬಣ್ಣದ ರಸವಾಗುತ್ತದೆ. ಇದನ್ನು ಸೂಪಿಗೆ ಸೇರಿಸುವುದರಿಂದ ಆಗುವ ವ್ಯತ್ಯಾಸ ಯಾವ ಸೂಪ್ ಕ್ಯೂಬಿನಿಂದಲೂ ಆಗದು. ಗಾಜಿನ ತಟ್ಟೆಯಾದರೆ ಮಾತ್ರ ಈ ಪ್ರಯೋಗ ಬೇಡ, ದಿಢೀರನೆ ಉಷ್ಣಾಂಶ ಬದಲಾದರೆ ಸೀಳೀತು.

ಓವನ್ ಇಲ್ಲದಿದ್ದರೆ

ದಪ್ಪ ತಳದ ಬೀಡಿನ ಬಾಣಲೆ ಅಥವಾ ಅಗಲವಾದ ಕಬ್ಬಿಣದ ಕಾವಲಿ ಇದ್ದರೆ ಓವನ್ನಿಗಾಗಿ ಕೊರಗಬೇಕಾಗಿಲ್ಲ. ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕಿ, ತುಂಡುಗಳನ್ನು ಒಂದೇ ಪದರದಲ್ಲಿ ಹರಡಿ, ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಕೈ ಹಾಕದೆ ಬಿಡಬೇಕು. ಪಲ್ಯಕ್ಕೆ ಕೈಯಾಡಿಸುವ ಅಭ್ಯಾಸ ಇಲ್ಲಿ ಅಡ್ಡಿಯಾಗುತ್ತದೆ. ಪದೇ ಪದೇ ತಿರುವಿದ ತುಂಡಿಗೆ ಒಂದು ಮೈಯೂ ಸರಿಯಾಗಿ ಕಾಯುವುದಿಲ್ಲ. ಒಂದು ಮೈ ಕೆಂಪಾದ ಮೇಲೆ ಮಗುಚಿ, ಉರಿ ತಗ್ಗಿಸಿ, ಎಂಟು ಹತ್ತು ನಿಮಿಷ ಮುಚ್ಚಿಟ್ಟು ಒಳಗೆ ಬೇಯಲು ಬಿಟ್ಟು, ಕೊನೆಗೆ ಮುಚ್ಚಳ ತೆಗೆದು ಉರಿ ಏರಿಸಿ ತೇವವನ್ನು ಆರಿಸಬೇಕು. ಓವನ್ನಿನಷ್ಟು ಸಮನಾದ ಬಣ್ಣ ಬರದಿದ್ದರೂ ರುಚಿಯಲ್ಲಿ ಕೊರತೆ ಕಾಣುವುದಿಲ್ಲ. ಕೆಂಡದ ಒಲೆ ಇರುವ ಮನೆಗಳಲ್ಲಿ ಗೆಣಸು, ಈರುಳ್ಳಿಗಳನ್ನು ಇಡಿಯಾಗಿಯೇ ಕೆಂಡದಲ್ಲಿ ಹೂತಿಟ್ಟು ಸುಟ್ಟು, ಸಿಪ್ಪೆ ಸುಲಿದು ಬಳಸಬಹುದು, ಆಗ ಬರುವ ಹೊಗೆಯ ಘಮ ಓವನ್ನಿಗೆ ಎಟುಕದು.

ಕುಕ್ಕರಿನಲ್ಲಿಯೂ ಕಂದು ಬಣ್ಣ ಬರಿಸುವ ಉಪಾಯವೊಂದಿದೆ, ಆದರೆ ಅದು ಕ್ಯಾರೆಟ್ಟಿಗೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಮೈಯಾರ್ ಕ್ರಿಯೆ ಕ್ಷಾರದ ವಾತಾವರಣದಲ್ಲಿ ಚುರುಕಾಗುವುದರಿಂದ, 500 ಗ್ರಾಂ ಕ್ಯಾರೆಟ್ಟಿಗೆ 100 ಗ್ರಾಂ ಬೆಣ್ಣೆ, ಎರಡು ದೊಡ್ಡ ಚಮಚ ನೀರು, ಒಂದು ಚಿಕ್ಕ ಚಮಚ ಉಪ್ಪು, ಅರ್ಧ ಚಿಕ್ಕ ಚಮಚ ಅಡುಗೆ ಸೋಡ ಹಾಕಿ, ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ 120 ಡಿಗ್ರಿಯಲ್ಲೇ ಕ್ಯಾರೆಟ್ ಕಂದು ಕೆಂಪಾಗಿ ಸಕ್ಕರೆಪಾಕದ ರುಚಿ ಪಡೆಯುತ್ತದೆ. ಪದೇ ಪದೇ ಸೀಟಿ ಕೂಗಿದರೆ ಇದ್ದ ಸ್ವಲ್ಪ ನೀರೂ ಹಬೆಯಾಗಿ ಹೋಗಿ ತಳ ಹಿಡಿಯುತ್ತದೆ. ಆದ್ದರಿಂದ ತೆಳು ತಳದ ಅಲ್ಯೂಮಿನಿಯಂ ಕುಕ್ಕರಿನಲ್ಲಿ ಇದನ್ನು ಮಾಡಲು ಹೋಗಬಾರದು. ಬೆಣ್ಣೆಯ ಪ್ರಮಾಣವನ್ನು ನೋಡಿದರೆ ದಿನನಿತ್ಯದ ಸೂಪಿಗೆ ಇದು ತಕ್ಕದ್ದಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ.

ರುಬ್ಬುವುದು

ನುಣುಪು ಬರುವುದೂ ಕೆಡುವುದೂ ಈ ಹಂತದಲ್ಲಿ. ಹುರಿದ ತರಕಾರಿಯನ್ನೂ ಸಿಪ್ಪೆಯಿಂದ ಹಿಂಡಿ ತೆಗೆದ ಬೆಳ್ಳುಳ್ಳಿಯನ್ನೂ ತಟ್ಟೆಯ ರಸ ಮತ್ತು ಅರ್ಧದಷ್ಟು ಕಟ್ಟಿನೊಂದಿಗೆ ಪಾತ್ರೆಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಬೇಕು. ಹುರಿದಾಗ ಗಟ್ಟಿಯಾದ ಹೊರಪದರ ಈ ಕುದಿಯಲ್ಲಿ ಮೆತ್ತಗಾಗುತ್ತದೆ. ನೇರವಾಗಿ ರುಬ್ಬಿದರೆ ಆ ಪದರದ ಚೂರುಗಳು ಎಷ್ಟು ತಿರುವಿದರೂ ನಾಲಿಗೆಗೆ ತಗುಲುತ್ತಲೇ ಇರುತ್ತವೆ. ಬಳಿಕ ಒಲೆ ಆರಿಸಿ, ಹದಿನೈದು ನಿಮಿಷ ತಣಿಯಲು ಬಿಡಬೇಕು.

ಕುದಿಯುವ ಪದಾರ್ಥವನ್ನು ಮುಚ್ಚಿದ ಮಿಕ್ಸಿ ಜಾರಿನಲ್ಲಿ ತಿರುವುವುದು ಅಪಾಯ. ಬ್ಲೇಡ್ ತಿರುಗಿದ ಕ್ಷಣದಲ್ಲಿ ಹಬೆ ಒಮ್ಮೆಲೇ ಹಿಗ್ಗಿ ಮುಚ್ಚಳವನ್ನು ಎಗರಿಸುತ್ತದೆ, ಗೆಡ್ಡೆಯ ಬಿಸಿ ತಿರುಳು ಮೈಗೆ ಸಿಡಿದರೆ ನೀರಿನಂತೆ ಜಾರಿಹೋಗದೆ ಅಂಟಿಕೊಂಡು ಸುಡುತ್ತದೆ. ದೊಡ್ಡ ಜಾರನ್ನೇ ತೆಗೆದುಕೊಂಡು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ, ಮುಚ್ಚಳದ ನಡುವಿನ ಚಿಕ್ಕ ಬಿರಡೆಯನ್ನು ತೆಗೆದು, ಮಡಿಚಿದ ಬಟ್ಟೆಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದು, ಮೊದಲು ಪಲ್ಸ್‌ನಲ್ಲಿ ಎರಡು ಮೂರು ಸಲ ತಿರುವಿ ಆಮೇಲೆ ವೇಗ ಏರಿಸಬೇಕು. ಚಟ್ನಿಯನ್ನು ರುಬ್ಬುವಾಗ ಮೊದಲು ನೀರು ಹಿಡಿತದಲ್ಲಿಟ್ಟು ಗಟ್ಟಿಯಾಗಿಯೇ ನುಣ್ಣಗೆ ಮಾಡಿಕೊಂಡು ಕೊನೆಗೆ ತೆಳುಗೊಳಿಸುವಂತೆ ಇಲ್ಲಿಯೂ ಮಾಡಬೇಕು. ನೀರು ಹೆಚ್ಚಾದರೆ ತುಂಡುಗಳು ಬ್ಲೇಡಿಗೆ ಸಿಗದೆ ತೇಲಾಡುತ್ತವೆ. ಒಂದೊಂದು ಸರದಿಗೆ ಎರಡರಿಂದ ಮೂರು ನಿಮಿಷ, ನಡುವೆ ಮೋಟರಿಗೆ ಸ್ವಲ್ಪ ವಿರಾಮ ಕೊಟ್ಟು ತಿರುವಬೇಕು. ಸಾಕಾಯಿತೇ ಎಂದು ತಿಳಿಯಲು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಬಹುದು, ರವೆಯ ಹಾಗೆ ಏನೂ ಸಿಗಬಾರದು. ಹ್ಯಾಂಡ್ ಬ್ಲೆಂಡರ್ ಸುರಕ್ಷಿತವೂ ಸುಲಭವೂ ಹೌದು, ಆದರೆ ಮಿಕ್ಸಿಯಷ್ಟು ನುಣುಪು ಅದರಿಂದ ಬಾರದು. ಹಾಗೆ ಮಾಡಿದಾಗ ಸೂಪನ್ನು ಸ್ಟೀಲ್ ಜರಡಿಗೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿಕೊಂಡರೆ ಗೆಣಸಿನ ನಾರೆಲ್ಲ ಮೇಲೆ ಉಳಿಯುತ್ತದೆ.

ರುಬ್ಬಿದ್ದನ್ನು ಮತ್ತೆ ಪಾತ್ರೆಗೆ ಹಾಕಿ, ಉಳಿದ ಕಟ್ಟನ್ನು ಒಮ್ಮೆಲೇ ಸುರಿಯದೆ ಸೌಟು ಸೌಟಾಗಿ ಬೆರೆಸುತ್ತ ಹದಕ್ಕೆ ತರಬೇಕು. ಹದವೆಂದರೆ ಇಷ್ಟು: ಚಮಚವನ್ನು ಅದ್ದಿ ತೆಗೆದಾಗ ಅದರ ಬೆನ್ನಿಗೆ ಸೂಪ್ ತೆಳುವಾದ ಪದರವಾಗಿ ಹಿಡಿದಿರಬೇಕು, ಆ ಪದರದ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಗೆಣಸಿನ ಪಿಷ್ಟ ತಣಿದಂತೆ ಬಿಗಿಯುವುದರಿಂದ ಒಲೆಯ ಮೇಲಿರುವಾಗ ಬೇಕಾದ್ದಕ್ಕಿಂತ ಕೊಂಚ ತೆಳ್ಳಗಿದ್ದರೆ ಊಟದ ಹೊತ್ತಿಗೆ ಸರಿಯಾಗುತ್ತದೆ. ಅಂಚಿನಲ್ಲಿ ನೀರಿನ ಉಂಗುರ ಕಂಡರೆ ಎರಡು ದೊಡ್ಡ ಚಮಚ ಮೆತ್ತಗಿನ ಅನ್ನವನ್ನು ಸ್ವಲ್ಪ ಸೂಪಿನೊಂದಿಗೆ ರುಬ್ಬಿ ಸೇರಿಸಿದರೆ ಸಾಕು. ಕಾರ್ನ್‌ಫ್ಲೋರ್ ಹಾಕಿದಾಗ ಬರುವ ಗಾಜಿನಂಥ ಹೊಳಪು ಇದರಲ್ಲಿ ಬರುವುದಿಲ್ಲ, ಅದೇ ಒಳ್ಳೆಯದು.

ಕೆನೆ, ಉಪ್ಪು, ಹುಳಿ

ಈ ಹಂತದಲ್ಲಿ ಒಂದು ಚಮಚ ಬಾಯಿಗೆ ಹಾಕಿ ನೋಡಿದವರಿಗೆ ಕ್ರೀಮ್ ಬೇಕೇ ಎಂಬ ಅನುಮಾನ ಬಂದರೆ ಅದು ನ್ಯಾಯವೇ. ಕ್ರೀಮಿನ ಕೆಲಸ ಗಟ್ಟಿ ಮಾಡುವುದಲ್ಲ, ಹುರಿದ ರುಚಿಯ ಚೂಪನ್ನು ತುಸು ಮೆದುಗೊಳಿಸುವುದು. ಹೆಚ್ಚು ಹಾಕಿದರೆ ಅಷ್ಟು ಹೊತ್ತು ಕಾದು ಬರಿಸಿದ ಘಮವೇ ಮರೆಯಾಗುತ್ತದೆ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಕ್ರೀಮಿನಲ್ಲಿ ಸಾಮಾನ್ಯವಾಗಿ 25 ಶೇಕಡದಷ್ಟು ಕೊಬ್ಬಿರುತ್ತದೆ, ಆ ಕೊಬ್ಬು ಕ್ರೀಮ್ ಸುಲಭವಾಗಿ ಒಡೆಯದಂತೆ ಕಾಯುತ್ತದೆ. 3 ಶೇಕಡ ಕೊಬ್ಬಿನ ಟೋನ್ಡ್ ಹಾಲಿಗೆ ಆ ರಕ್ಷಣೆ ಇಲ್ಲ, ಹುಳಿಯಿರುವ ಬಿಸಿ ಸೂಪಿಗೆ ಸುರಿದರೆ ಒಡೆದು ಸಣ್ಣ ಸಣ್ಣ ಕಣಗಳಾಗುತ್ತದೆ. ಹಾಲನ್ನೇ ಬಳಸುವವರು ಒಲೆ ಆರಿಸಿದ ಮೇಲೆ ಬಿಸಿ ಮಾಡಿದ ಹಾಲನ್ನು ಬೆರೆಸಿ, ನಿಂಬೆರಸವನ್ನು ಬಿಟ್ಟುಬಿಡಬೇಕು. ಮೊಸರಾದರೆ ಪಾತ್ರೆಗೆ ಹಾಕದೆ, ಬಡಿಸಿದ ಬಟ್ಟಲಿನ ಮೇಲೊಂದು ಚಮಚ ಇಡುವುದೇ ಕ್ಷೇಮ.

ಹಾಲಿನ ಪದಾರ್ಥ ಬೇಡವೆನ್ನುವವರಿಗೆ ಕರಾವಳಿಯ ಎರಡು ದಾರಿಗಳಿವೆ. ಹದಿನೈದು ಗೋಡಂಬಿಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ತರಕಾರಿಯ ಜೊತೆಗೇ ರುಬ್ಬಿದರೆ ಕ್ರೀಮಿಗಿಂತ ನುಣುಪಾದ ಸೂಪ್ ಸಿಗುತ್ತದೆ. ಗೋಡಂಬಿ ಒಗ್ಗದವರು ಇರಬಹುದಾದ್ದರಿಂದ ಅತಿಥಿಗಳಿಗೆ ಮುಂಚಿತವಾಗಿ ತಿಳಿಸುವುದು ಸರಿ. ತೆಂಗಿನ ಹಾಲನ್ನು ಆರಿಸಿಕೊಂಡರೆ ಎರಡನೆಯ ಬಾರಿ ಹಿಂಡಿದ ತೆಳು ಹಾಲನ್ನು ಕಟ್ಟಿನ ಬದಲಿಗೆ ಬಳಸಿ, ಮೊದಲ ದಪ್ಪ ಹಾಲನ್ನು ಕೊನೆಯಲ್ಲಿ ಬೆರೆಸಿ, ಕುದಿ ಬರುವ ಮೊದಲೇ ಇಳಿಸಬೇಕು, ಕುದಿಸಿದರೆ ಎಣ್ಣೆ ಬಿಡುತ್ತದೆ. ಕ್ಯಾರೆಟ್ ಮತ್ತು ಕಿತ್ತಳೆ ಗೆಣಸುಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಪೋಷಕಾಂಶ ಕೊಬ್ಬಿನಲ್ಲಿ ಕರಗುವಂಥದ್ದು, ಆದ್ದರಿಂದ ಹುರಿಯಲು ಹಾಕಿದ ಎಣ್ಣೆಯೂ ಈ ಕೊಬ್ಬೂ ಅದು ಮೈಗೆ ಹತ್ತಲು ಸಹಕಾರಿ.

ಉಪ್ಪನ್ನು ತೂಕಕ್ಕೆ ತಕ್ಕಂತೆ ಹೇಳುವುದಾದರೆ ಪೂರ್ತಿ ಸೂಪಿನ ನೂರಕ್ಕೆ 0.8ರಷ್ಟು, ಅಂದರೆ ಈ ಅಳತೆಗೆ ಮೊದಲು ಹಾಕಿದ್ದೂ ಸೇರಿ ಎರಡು ಚಿಕ್ಕ ಚಮಚದ ಒಳಗೆ. ಉಪ್ಪಿನ ಬಳಿಕ ಹುಳಿ. ಗೆಡ್ಡೆಗಳ ಸಿಹಿಯೆಲ್ಲ ಸೇರಿ ಸೂಪ್ ನಾಲ್ಕು ಚಮಚಕ್ಕೇ ಸಾಕೆನಿಸುವಂತಿರುತ್ತದೆ, ಅಂಥಲ್ಲಿ ಹೆಚ್ಚಿನವರು ಇನ್ನಷ್ಟು ಉಪ್ಪು ಹಾಕಿ ಕೆಡಿಸುತ್ತಾರೆ; ಬೇಕಾದದ್ದು ಒಂದು ಚಿಕ್ಕ ಚಮಚ ನಿಂಬೆರಸ. ಅದನ್ನು ಒಲೆಯಿಂದ ಇಳಿಸಿ, ಕ್ರೀಮ್ ಬೆರೆಸಿ, ಸೂಪ್ ತುಸು ತಣಿದ ಮೇಲೆ ಹಾಕಬೇಕು.

ಮೇಲಿನ ಅಲಂಕಾರದ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ. ಒಂದು ಚಮಚ ತುಪ್ಪದಲ್ಲಿ ಜೀರಿಗೆಯನ್ನು ಸಿಡಿಸಿ, ಆಗಷ್ಟೇ ಕುಟ್ಟಿದ ಕಾಳುಮೆಣಸನ್ನು ಅದರಲ್ಲಿ ಹಾಕಿ ಸುರಿದರೆ ಬಹಳ ಚೆನ್ನಾಗಿರುತ್ತದೆ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟರೆ ಸೂಪ್ ಸಾರಿನ ಕಡೆಗೆ ವಾಲುತ್ತದೆ, ತಪ್ಪೇನಿಲ್ಲ, ಆದರೆ ಹುರಿದ ಘಮ ಇಂಗಿನ ಮುಂದೆ ನಿಲ್ಲಲಾರದು. ಬ್ರೆಡ್ಡಿನ ತುಂಡುಗಳಿಗೆ ಬದಲಾಗಿ ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿಯನ್ನು ಮುರಿದು ಹಾಕಿದರೆ ಕೊನೆಯ ಚಮಚದವರೆಗೂ ಗರಿಗರಿತನ ಉಳಿಯುತ್ತದೆ.

ಇಂಗ್ಲೆಂಡ್, ಅಮೆರಿಕಗಳಂಥ ಚಳಿ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಸೂಪ್ ಇನ್ನೂ ಸುಲಭ, ಅಲ್ಲಿನ ಅಡುಗೆಮನೆಗಳಲ್ಲಿ ದೊಡ್ಡ ಓವನ್ ಮೊದಲೇ ಇರುತ್ತದೆ, ಪಾರ್ಸ್ನಿಪ್, ಸೆಲೆರಿಯಾಕ್, ರುಟಬಾಗಗಳಂಥ ಗೆಡ್ಡೆಗಳೂ ಚಳಿಗಾಲದ ಉದ್ದಕ್ಕೂ ಸಿಗುತ್ತವೆ. ಪಾರ್ಸ್ನಿಪ್ ದಪ್ಪವಾಗಿದ್ದರೆ ನಡುವಿನ ಕಟ್ಟಿಗೆಯಂಥ ತಿರುಳನ್ನು ಕೊರೆದು ತೆಗೆಯಬೇಕು, ಸೆಲೆರಿಯಾಕಿನ ಗಂಟುಗಂಟಾದ ಸಿಪ್ಪೆಯನ್ನು ಹೆರೆಯುವ ಬದಲು ಚಾಕುವಿನಿಂದ ದಪ್ಪಗೆ ಕತ್ತರಿಸಿ ತೆಗೆಯಬೇಕು. ಫ್ಯಾನ್ ಇರುವ ಓವನ್ನಿಗೆ ಮೇಲೆ ಹೇಳಿದ ಉಷ್ಣಾಂಶದಲ್ಲಿ 20 ಡಿಗ್ರಿ ಇಳಿಸಿಕೊಂಡರೆ ಸರಿಹೋಗುತ್ತದೆ.

ಮಿಕ್ಕ ಸೂಪನ್ನು ಎರಡು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಬಳಸಬಹುದು. ಹೆಚ್ಚು ಮಾಡಿ ಫ್ರೀಜರಿನಲ್ಲಿ ಇಡುವುದಾದರೆ ಕ್ರೀಮ್ ಬೆರೆಸುವ ಮೊದಲೇ ಬೇರೆ ತೆಗೆದಿಡಬೇಕು, ಏಕೆಂದರೆ ಹೆಪ್ಪುಗಟ್ಟಿ ಕರಗಿದ ಕ್ರೀಮ್ ಕಣಕಣವಾಗುತ್ತದೆ. ಮತ್ತೆ ಕಾಯಿಸುವಾಗ ಗಟ್ಟಿಯಾಗಿ ಕಂಡಿತೆಂದು ಮೊದಲೇ ನೀರು ಸುರಿಯದೆ, ಸಣ್ಣ ಉರಿಯಲ್ಲಿ ಬೆಚ್ಚಗಾದ ಮೇಲೆ ಹದ ನೋಡಿ ಬಿಸಿನೀರನ್ನು ಬೆರೆಸಬೇಕು, ಉಪ್ಪು ಮತ್ತು ನಿಂಬೆಯನ್ನು ಅದಾದ ಮೇಲೆಯೇ ಸರಿಪಡಿಸಬೇಕು.